ಹಾಜರಿ ಪುಸ್ತಕದಲ್ಲಿ ಇಪ್ಪತ್ತಾರು ದೇಶಗಳು

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ, ಯಾವುದೋ ಪ್ರಶ್ನೆಗೆ ಉತ್ತರಿಸುವಾಗ ಒಂದು ಸಾಲು ಬರೆದಿದ್ದೆ: ಪ್ರತಿ ಮೇ ತಿಂಗಳ ಒಂದು ಶನಿವಾರ ರಾತ್ರಿ ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಏಳೆಂಟು ಜನ ಕೂಡಿ ಯೂರೋವಿಷನ್ ಹಾಡಿನ ಸ್ಪರ್ಧೆ ನೋಡುತ್ತೇವೆ ಎಂದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದ ನನಗೆ ಈ ಅಂಕಣದಲ್ಲಿ ನದಿ, ಮಳೆ, ನಕಾಶೆಗಳ ಬಗ್ಗೆಯೇ ಪ್ರಶ್ನೆಗಳು ಬರುತ್ತಿದ್ದವು. ಈ ಸಲದ ಪತ್ರಗಳೆಲ್ಲ ಆ ಒಂದು ಸಾಲನ್ನು ಹಿಡಿದುಕೊಂಡು ಬಂದಿವೆ. ಓದಿ ಬಹಳ ಸಂತೋಷವಾಯಿತು. ಆರು ಪತ್ರಗಳನ್ನು ಆಯ್ದುಕೊಂಡಿದ್ದೇನೆ.

*ಅಕ್ಕನವರೇ, ಏನಿದು ಯೂರೋವಿಷನ್? ಯಾರದೋ ದೇಶದವರು ಹಾಡುವುದನ್ನು ನೀವು ಧಾರವಾಡದಲ್ಲಿ ನಡುರಾತ್ರಿ ಎದ್ದು ಕುಳಿತು ನೋಡುವಂಥದ್ದು ಅದರಲ್ಲಿ ಏನಿದೆ?*
— ನಿವೃತ್ತ ಅಂಚೆ ನೌಕರರು, ಹಾವೇರಿ

ಯೂರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟ ನಡೆಸುವ ಸ್ಪರ್ಧೆ ಇದು. ಮೊದಲನೆಯದು 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ನಡೆಯಿತು. ಏಳು ದೇಶಗಳು, ತಲಾ ಎರಡು ಹಾಡು. ಗೆದ್ದವರು ಅದೇ ಸ್ವಿಟ್ಜರ್ಲೆಂಡಿನ ಲಿಸ್ ಆಸ್ಸಿಯಾ. 2025ರ ಹೊತ್ತಿಗೆ ಆ ಏಳು ಮೂವತ್ತೇಳಾಗಿತ್ತು. ಅಷ್ಟು ದೂರದ ಆಸ್ಟ್ರೇಲಿಯಾ ಕೂಡ 2015ರಿಂದ ಹಾಡುತ್ತಿದೆ. ಎರಡು ಸೆಮಿಫೈನಲ್ ಮುಗಿದು, ಶನಿವಾರದ ಫೈನಲ್‌ಗೆ ಸಾಮಾನ್ಯವಾಗಿ ಇಪ್ಪತ್ತಾರು ದೇಶಗಳು ಉಳಿಯುತ್ತವೆ. ಹಾಡು ಮೂರು ನಿಮಿಷ ಮೀರಕೂಡದು, ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚಿರಕೂಡದು, ಮುಖ್ಯ ಗಾಯಕರು ಅಲ್ಲೇ ನಿಂತು ಹಾಡಲೇಬೇಕು. ಗೆದ್ದ ದೇಶ ಮುಂದಿನ ವರ್ಷ ಸ್ಪರ್ಧೆಯನ್ನು ತನ್ನ ಊರಿಗೆ ಕರೆಯುತ್ತದೆ. ಸ್ವೀಡನ್ನಿನ ಆಬಾ ತಂಡವನ್ನು ಜಗತ್ತು ಮೊದಲು ಕಂಡದ್ದು 1974ರಲ್ಲಿ ಬ್ರೈಟನ್‌ನಲ್ಲಿ ನಡೆದ ಇದೇ ಸ್ಪರ್ಧೆಯಲ್ಲಿ. ಅಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾದರೆ ನಮಗೆ ಹನ್ನೆರಡೂವರೆ.

ನಡುರಾತ್ರಿಯ ಮಾತು ಎತ್ತಿದಿರಿ. ರಾತ್ರಿಯಿಡೀ ಹಾಡಿ ಸೋಲು ಗೆಲುವು ತೀರ್ಮಾನಿಸುವುದು ನಿಮ್ಮ ನಮ್ಮ ಸೀಮೆಗೆ ಹೊಸದೇನು? ಜಾತ್ರೆಯಲ್ಲಿ ಹರದೇಶಿ ನಾಗೇಶಿ ಪದ ಕೇಳುತ್ತ ಬೆಳಗು ಮಾಡಿದವರು ನಾವು. ಒಬ್ಬರು ಗಂಡು ಹೆಚ್ಚೆಂದು ಸವಾಲು ಹಾಕಿದರೆ ಇನ್ನೊಬ್ಬರು ಹೆಣ್ಣು ಹೆಚ್ಚೆಂದು ಉತ್ತರ ಕೊಡುತ್ತಿದ್ದರು. ಕುಳಿತವರು ಇಬ್ಬಾಗವಾಗಿ, ಯಾರ ಪದ ಮೇಲಾಯಿತೆಂದು ಮರುದಿನ ಬಾವಿಕಟ್ಟೆಯ ಮೇಲೂ ವಾದ ಮಾಡುತ್ತಿದ್ದರು. ನನಗೆ ಯೂರೋವಿಷನ್ ಹಿಡಿಸಿದ್ದು ಆ ವಾದದ ಆಸೆಗಾಗಿಯೇ.

ಶುರುವಾದದ್ದು ಮಾತ್ರ 2012ರಲ್ಲಿ, ನನ್ನ ಅತ್ತೆಯವರಿಂದ. ಜರ್ಮನಿಯಲ್ಲಿ ಓದುತ್ತಿದ್ದ ನನ್ನ ತಮ್ಮನ ಮಗ ಫೋನು ಮಾಡಿ, “ಅತ್ತೆ, ಈ ಸಲದ ಯೂರೋವಿಷನ್‌ನಲ್ಲಿ, ಬಾಕುವಿನಲ್ಲಿ, ಅಜ್ಜಿಯರು ಹಾಡಿದ್ದಾರೆ, ಅಜ್ಜಿಗೆ ತೋರಿಸಿ” ಎಂದ. ರಷ್ಯಾದ ಬುರಾನೊವೊ ಎಂಬ ಹಳ್ಳಿಯ ಅಜ್ಜಿಯರು ಅವರು. ಉದ್ಮುರ್ತ್ ಎಂಬ ತಮ್ಮ ಮನೆಮಾತಿನಲ್ಲಿ ಹಾಡಿದ್ದರು, ನಡುನಡುವೆ ಒಂದಿಷ್ಟು ಇಂಗ್ಲಿಷು. ವೇದಿಕೆಯ ಮೇಲೆ ಒಂದು ಒಲೆ. ಹಾಡಿನ ನಡುವೆ ಒಲೆಯಿಂದ ಬೇಯಿಸಿದ ತಿನಿಸಿನ ತಟ್ಟೆಯನ್ನು ಹೊರಗೆ ತೆಗೆಯುತ್ತಾರೆ. ಊರಿನಲ್ಲಿ ಚರ್ಚು ಕಟ್ಟಿಸಬೇಕೆಂಬುದು ಅವರ ಆಸೆಯಾಗಿತ್ತು. ಎಂಬತ್ತೆರಡರ ನಮ್ಮ ಅತ್ತೆಯವರು ಕನ್ನಡಕ ಏರಿಸಿ ಲ್ಯಾಪ್‌ಟಾಪಿನ ಹತ್ತಿರ ಬಾಗಿ ಮೂರು ಸಲ ನೋಡಿದರು. ಅವರ ಬೆರಳುಗಳಿಗೆ ಜೋಳದ ಹಿಟ್ಟು ಇನ್ನೂ ಅಂಟಿಕೊಂಡಿತ್ತು. “ಒಲೆಯ ಮುಂದೆ ನಿಂತ ಹೆಂಗಸು ಹಾಡದೆ ಇರುತ್ತಾಳೇನು? ಇವರನ್ನು ಅಲ್ಲಿಯವರೆಗೆ ಕರೆದುಕೊಂಡು ಹೋದವರು ಪುಣ್ಯವಂತರು” ಎಂದರು. ಅಜ್ಜಿಯರಿಗೆ ಎರಡನೆಯ ಸ್ಥಾನ ಬಂತೆಂದಾಗ, ಮೊದಲ ಸ್ಥಾನ ಯಾರಿಗೆ ಹೋಯಿತು, ಯಾಕೆ ಹೋಯಿತು ಎಂದು ಪಟ್ಟು ಹಿಡಿದರು. ಗೆದ್ದವಳು ಸ್ವೀಡನ್ನಿನ ಲೊರೀನ್. ಅವಳ ಹಾಡನ್ನೂ ಹಾಕಿಸಿಕೊಂಡು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಇವಳೂ ಚೆನ್ನಾಗಿಯೇ ಹಾಡಿದ್ದಾಳೆ, ಆದರೆ ನನ್ನ ಮತ ಅಜ್ಜಿಯರಿಗೆ” ಎಂದರು. ಈಗ ಅವರಿಲ್ಲ. ಮರುವರ್ಷದಿಂದ ನಾವು ರಾತ್ರಿಯೇ ಕೂಡತೊಡಗಿದೆವು.

*ಭಾಷೆಯೇ ತಿಳಿಯದ ಹಾಡಿಗೆ ನೀವು ಅಂಕ ಹೇಗೆ ಕೊಡುತ್ತೀರಿ? ನಾನು ಯೂಟ್ಯೂಬಿನಲ್ಲಿ ನೋಡುತ್ತೇನೆ, ಆದರೆ ಗೆಳತಿಯರೊಡನೆ ಚರ್ಚೆ ಮಾಡಲು ಹೋದರೆ “ಚೆನ್ನಾಗಿದೆ” ಎಂಬುದರ ಆಚೆಗೆ ಮಾತೇ ಹೊರಡುವುದಿಲ್ಲ.*
— ಪದವಿ ವಿದ್ಯಾರ್ಥಿನಿ, ಗದಗ

ತಂಗಿ, ನಿನ್ನ ಪತ್ರವನ್ನು ನಮ್ಮ ಕೂಟದಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಪದ್ಧತಿಯನ್ನು ವಿವರವಾಗಿಯೇ ಬರೆಯುತ್ತೇನೆ.

ನಿವೃತ್ತಳಾದಾಗ ನನ್ನ ಬಳಿ ಒಂದು ಖಾಲಿ ಹಾಜರಿ ಪುಸ್ತಕ ಉಳಿದಿತ್ತು. ನೀಲಿ ರಟ್ಟು, ಕೆಂಪು ಬಟ್ಟೆಯ ಬೆನ್ನು. ವಿದ್ಯಾರ್ಥಿಗಳ ಹೆಸರು ಬರೆಯುವ ಜಾಗದಲ್ಲಿ ಹಾಡುವ ಕ್ರಮದಲ್ಲಿ ದೇಶಗಳ ಹೆಸರು. ತಾರೀಖಿನ ಕಿರುಮನೆಗಳ ಮೇಲೆ ಕುಳಿತವರ ಹೆಸರಿನ ಮೊದಲ ಅಕ್ಷರ. ನವಲಗುಂದದ ಜಮಖಾನೆ ಹಾಸಿ ಅದರ ನಡುವೆ ಪುಸ್ತಕ ಇಟ್ಟಿರುತ್ತೇವೆ. ಹಾಡು ನಡೆಯುವ ಮೂರು ನಿಮಿಷ ಯಾರೂ ತುಟಿ ಬಿಚ್ಚಕೂಡದು. ಮುಗಿದ ಮೇಲೆ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಒಬ್ಬೊಬ್ಬರೂ ಪೆನ್ಸಿಲಿನಿಂದ ತಮಗೆ ತೋಚಿದ್ದನ್ನು ಬರೆಯುತ್ತಾರೆ. ಎಲ್ಲ ಹಾಡು ಮುಗಿದ ಮೇಲೆ ಪೆನ್ಸಿಲು ಅಳಿಸಿ, ಅಲ್ಲಿನ ಪದ್ಧತಿಯಂತೆಯೇ ನಮ್ಮ ನಮ್ಮ ಹತ್ತು ಹಾಡುಗಳಿಗೆ ಒಂದರಿಂದ ಎಂಟು, ಆಮೇಲೆ ಹತ್ತು, ಹನ್ನೆರಡು ಎಂದು ಶಾಯಿಯಲ್ಲಿ ಬರೆಯಬೇಕು. 1975ರಿಂದ ಅವರು ಕೊಡುವ ಅಂಕಗಳ ಕ್ರಮ ಇದೇ. ಹನ್ನೆರಡು ಕೊಟ್ಟವರು ಯಾಕೆ ಕೊಟ್ಟೆ ಎಂದು ಹೇಳಲೇಬೇಕು, “ಚೆನ್ನಾಗಿದೆ” ಎಂಬ ಮಾತು ಬಳಸದೆ. ಈ ಒಂದು ಕಟ್ಟಳೆ ನಿನ್ನ ಗೆಳತಿಯರ ನಡುವೆ ಹಾಕಿ ನೋಡು. ದನಿ ಎಲ್ಲಿ ನಡುಗಿತು, ಪಲ್ಲವಿ ಎಷ್ಟನೆಯ ಸೆಕೆಂಡಿಗೆ ಬಂತು, ಕೊನೆಯ ಸಾಲಿಗೆ ಯಾಕೆ ಬೆಳಕು ಆರಿಸಿದರು ಎಂದೆಲ್ಲ ಮಾತು ತಾನಾಗಿ ಹೊರಡುತ್ತದೆ.

ಭಾಷೆಯ ಚಿಂತೆ ಬಿಡು. ಗದಗದಲ್ಲಿ ಇದ್ದೀಯೆ, ವೀರೇಶ್ವರ ಪುಣ್ಯಾಶ್ರಮದ ಕಾರ್ಯಕ್ರಮದಲ್ಲಿ ತರಾನಾ ಕೇಳಿರಬೇಕಲ್ಲ? ತನನ, ದಿರ್ ದಿರ್, ತೋಂ ಎಂಬ ಅಕ್ಷರಗಳಿಗೆ ಯಾರು ಅರ್ಥ ಕೇಳುತ್ತಾರೆ? 2003ರಲ್ಲಿ ಬೆಲ್ಜಿಯಂ ದೇಶದ ತಂಡವೊಂದು ಎಲ್ಲೂ ಇಲ್ಲದ, ತಾವೇ ಕಟ್ಟಿದ ಭಾಷೆಯಲ್ಲಿ ಹಾಡಿತು. ಟರ್ಕಿಗೆ 167 ಅಂಕ, ಆ ತಂಡಕ್ಕೆ 165. ಎರಡು ಅಂಕದಲ್ಲಿ ತಪ್ಪಿತು ನೋಡು.

ನಮ್ಮ ಕೂಟದಲ್ಲಿ ಒಬ್ಬ ಪೇಟಿ ಮಾಸ್ತರರಿದ್ದಾರೆ. ನಲವತ್ತು ವರ್ಷದಿಂದ ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತ ಬಂದವರು. ಮೊದಮೊದಲು ಬೆಳಕು, ಹೊಗೆ, ಕುಣಿತ ಕಂಡು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. 2017ರಲ್ಲಿ ಪೋರ್ಚುಗಲ್ಲಿನ ಸಾಲ್ವಡೋರ್ ಸೊಬ್ರಾಲ್ ಹಾಡಿದ ರಾತ್ರಿ ಎದ್ದು ಕುಳಿತರು. ಅಕ್ಕ ಲೂಯಿಝಾ ಬರೆದ ಹಾಡನ್ನು ತಮ್ಮ ಪೋರ್ಚುಗೀಸಿನಲ್ಲೇ ಹಾಡಿದ. ದೊಡ್ಡ ವೇದಿಕೆಯನ್ನು ಬಿಟ್ಟು ಜನರ ನಡುವಿನ ಸಣ್ಣ ಕಟ್ಟೆಯ ಮೇಲೆ ನಿಂತಿದ್ದ. ಕುಣಿಯುವವರಿಲ್ಲ, ಬೆಂಕಿ ಇಲ್ಲ, ಕೈಗಳು ಮಾತ್ರ ಗಾಳಿಯಲ್ಲಿ ಸ್ವರ ಹುಡುಕುತ್ತಿದ್ದವು. “ಇವನು ಬೈಠಕ್ಕಿನಲ್ಲಿ ಹಾಡುತ್ತಿದ್ದಾನೆ” ಎಂದರು ಮಾಸ್ತರರು. 1964ರಿಂದ ಹಾಡುತ್ತ ಬಂದ ಪೋರ್ಚುಗಲ್ ಮೊದಲ ಬಾರಿಗೆ ಗೆದ್ದಿತು, 758 ಅಂಕಗಳೊಂದಿಗೆ. ತೀರ್ಪುಗಾರರೂ ಜನರೂ ಅವನನ್ನೇ ಮೊದಲಿಟ್ಟಿದ್ದರು. ಮಾಸ್ತರರ ಹನ್ನೆರಡು ಹಾಜರಿ ಪುಸ್ತಕದಲ್ಲಿ ಎರಡು ಸಲ ತಿದ್ದಿ ದಪ್ಪಗೆ ಬರೆದದ್ದು ಈಗಲೂ ಕಾಣುತ್ತದೆ.

2021ರ ಮೇ ತಿಂಗಳಲ್ಲಿ ಲಾಕ್‌ಡೌನ್. ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ನಾವೆಲ್ಲ ನಮ್ಮ ನಮ್ಮ ಮನೆಯಲ್ಲೇ ನೋಡುತ್ತ, ಒಂದೊಂದು ಹಾಡು ಮುಗಿದ ಮೇಲೆ ಫೋನಿನಲ್ಲಿ ಮಾತಾಡಿದೆವು. ಉಕ್ರೇನಿನ ಗೋ-ಎ ತಂಡ ಬಂತು. ಅವರ ಹಳ್ಳಿಗಳಲ್ಲಿ ವಸಂತವನ್ನು ಕರೆಯುವ ಹಳೆಯ ಪದವನ್ನು ಯಂತ್ರದ ತಾಳಕ್ಕೆ ಕೂಡಿಸಿದ್ದರು. ಹಾಡುವವಳು ದನಿಯನ್ನು ತಿದ್ದಿ ತೀಡಿ ಹಾಡುವುದಿಲ್ಲ. ಗಂಟಲು ತೆರೆದು, ಹೊಲದ ಆ ಬದುವಿನವರಿಗೆ ಕೇಳುವಂತೆ ಕೂಗಿ ಹಾಡುತ್ತಾಳೆ. ಲಯ ಏರುತ್ತ ಏರುತ್ತ ಕೊನೆಗೆ ಉಸಿರು ಹಿಡಿಯುವಷ್ಟು ದ್ರುತಕ್ಕೆ ಹೋಗುತ್ತದೆ. ನನಗೆ ನಮ್ಮೂರ ಹೆಂಗಸರು ಬೀಸುವ ಕಲ್ಲಿನ ಮುಂದೆ ಎದುರುಬದುರು ಕುಳಿತು ಎತ್ತುತ್ತಿದ್ದ ದನಿ ನೆನಪಾಯಿತು. ಎರಡು ಗಂಟೆ ರಾತ್ರಿಗೆ ಮಾಸ್ತರರ ಫೋನು ಬಂತು. ಮಾತೇ ಇಲ್ಲ. ಪೇಟಿಯ ಮೇಲೆ ಆ ಹಾಡಿನ ನಾಲ್ಕು ಸ್ವರ ತಿರುಗಿ ತಿರುಗಿ ನುಡಿಸುತ್ತಿದ್ದರು. ಗೋ-ಎ ಐದನೆಯ ಸ್ಥಾನಕ್ಕೆ ನಿಂತಿತು. ನಮ್ಮ ಪುಸ್ತಕದಲ್ಲಿ ಅದೇ ಮೊದಲು.

ಇನ್ನೊಂದು ಮಾತನ್ನು ಧಾರವಾಡದವಳಾಗಿ ಹೇಳದೆ ಬಿಡಲಾರೆ. 1999ರಿಂದ ಯಾವ ಭಾಷೆಯಲ್ಲಾದರೂ ಹಾಡಬಹುದು ಎಂದಾದ ಮೇಲೆ ಬಹಳ ದೇಶಗಳು ಇಂಗ್ಲಿಷಿಗೆ ಇಳಿದವು. ಸ್ವೀಡನ್ 1998ರ ನಂತರ ಸ್ವೀಡಿಷ್ ಹಾಡನ್ನೇ ಕಳಿಸಿರಲಿಲ್ಲ. 2025ರಲ್ಲಿ ಕಳಿಸಿದ್ದು ಯಾರನ್ನು ಗೊತ್ತೇ? ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವ ಒಂದು ಸಣ್ಣ ಊರಿನ ಮೂವರು ಗೆಳೆಯರನ್ನು. ಕಾಯ್ ಎಂಬುದು ತಂಡದ ಹೆಸರು. ಅವರು ಹಾಡಿದ್ದು ಪುಸ್ತಕದ ಸ್ವೀಡಿಷ್ ಅಲ್ಲ, ತಮ್ಮ ಊರಿನ ಆಡುಮಾತು. ವಿಷಯ ಬಿಸಿಹಬೆಯ ಸ್ನಾನ. ನಾಲ್ಕನೆಯ ಸ್ಥಾನ ಬಂತು. ನಮ್ಮ ಕಡೆಯ ಕನ್ನಡವನ್ನು ನಗೆಗಷ್ಟೇ ಬಳಸುವವರನ್ನು ಕಂಡಾಗಲೆಲ್ಲ ನನಗೆ ಆ ಮೂವರು ನೆನಪಾಗುತ್ತಾರೆ. ಅವರು ನಗಿಸಿದರು ನಿಜ. ಆದರೆ ತಮ್ಮ ಮಾತನ್ನು ಪ್ರೀತಿಸುತ್ತ ನಗಿಸಿದರು. ಇಡೀ ಸಭಾಂಗಣ ಆ ಆಡುಮಾತಿನಲ್ಲೇ ಅವರೊಂದಿಗೆ ಹಾಡಿತು.

*ನೆರೆಯ ದೇಶಗಳು ಒಂದಕ್ಕೊಂದು ಅಂಕ ಕೊಟ್ಟುಕೊಳ್ಳುತ್ತವಂತೆ. ಹಾಗಾದರೆ ಇದು ಹಾಡಿನ ಸ್ಪರ್ಧೆ ಹೇಗಾಯಿತು?*
— ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ

ಗ್ರೀಸ್ ಮತ್ತು ಸೈಪ್ರಸ್ ಒಂದಕ್ಕೊಂದು ಹನ್ನೆರಡು ಕೊಡುವುದು ಹೆಸರುವಾಸಿ. ಸಭಾಂಗಣದ ಜನ ಅಂಕ ಹೇಳುವ ಮೊದಲೇ ಕೂಗುತ್ತಾರೆ. ಆದರೆ ಇದನ್ನು ಒಳಸಂಚು ಎಂದು ನಾನು ಒಪ್ಪುವುದಿಲ್ಲ. ನಕಾಶೆ ಬಿಡಿಸಿ ನೋಡಿ: ಒಂದೇ ಭಾಷೆ, ಒಂದೇ ಬಗೆಯ ರಾಗ, ಈ ಕಡೆಯ ಗಾಯಕ ಆ ಕಡೆಯವರಿಗೂ ಪರಿಚಿತ. ಬೆಳಗಾವಿ, ಹುಬ್ಬಳ್ಳಿಯಲ್ಲಿ ಮರಾಠಿ ನಾಟ್ಯಗೀತೆಗೆ ತಲೆದೂಗುವವರು ಇರುವುದು ಯಾವ ಸಂಚಿನಿಂದ? ಕಿವಿ ರೂಢಿಯಾದದ್ದನ್ನು ಬೇಗ ಹಿಡಿಯುತ್ತದೆ, ಅಷ್ಟೇ. ಅದನ್ನು ತೂಗಿಸಲೆಂದೇ 2009ರಿಂದ ಫೈನಲ್‌ನಲ್ಲಿ ಅರ್ಧ ತೂಕ ಸಂಗೀತಗಾರರ ತೀರ್ಪಿಗೆ, ಅರ್ಧ ಜನರ ಮತಕ್ಕೆ. ಸ್ವಂತ ದೇಶಕ್ಕೆ ಮತ ಹಾಕುವಂತಿಲ್ಲ.

ನಿಜವಾದ ಜಗಳ ಇರುವುದು ಆ ಎರಡು ಅರ್ಧಗಳ ನಡುವೆ. 2023ರ ಮೇ 13ರಂದು ಹಗಲಿಡೀ ನಮ್ಮ ವಿಧಾನಸಭೆ ಚುನಾವಣೆಯ ಮತ ಎಣಿಕೆ ನೋಡಿ, ರಾತ್ರಿ ಆ ವರ್ಷ ಸ್ಪರ್ಧೆ ನಡೆದ ಲಿವರ್‌ಪೂಲ್‌ನ ಎಣಿಕೆಗೆ ಕುಳಿತೆವು. ಫಿನ್ಲೆಂಡಿನ ಕ್ಯಾರಿಯಾ ಎಂಬ ಹುಡುಗನಿಗೆ ಜನ ಕೊಟ್ಟದ್ದು 376, ತೀರ್ಪುಗಾರರು ಕೊಟ್ಟದ್ದು 150. ಸ್ವೀಡನ್ನಿನ ಅದೇ ಲೊರೀನ್‌ಗೆ ಜನರಿಂದ 243, ತೀರ್ಪುಗಾರರಿಂದ 340. ಕೂಡಿಸಿದರೆ ಲೊರೀನ್ 583, ಕ್ಯಾರಿಯಾ 526. ನಮ್ಮ ಪಡಸಾಲೆ ಎರಡು ಹೋಳಾಯಿತು. ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಪಕ್ಕದ ಮನೆಯ ಹುಡುಗಿ, ಹಸಿರು ತೋಳಿನ ಆ ಹುಡುಗನಿಗೆ ಹನ್ನೆರಡು ಕೊಟ್ಟವಳು, ಕಣ್ಣಲ್ಲಿ ನೀರು ತಂದುಕೊಂಡು, “ಲಕ್ಷಾಂತರ ಜನ ಹೇಳಿದ್ದಕ್ಕೆ ಬೆಲೆ ಇಲ್ಲವೇ?” ಎಂದಳು. ಹಾಡುಗಾರಿಕೆಯನ್ನು ಬಲ್ಲವರು ತೂಗಬೇಕು ಎಂದು ಮಾಸ್ತರರು. ನಾನು ಹುಡುಗಿಯ ಪಕ್ಷ. ಲೊರೀನ್ ಎರಡು ಸಲ ಗೆದ್ದವಳು, ದೊಡ್ಡ ಗಾಯಕಿ, ಅದರಲ್ಲಿ ಅನುಮಾನವಿಲ್ಲ. ಆದರೂ ಆ ರಾತ್ರಿಯ ಹಾಡು ಕ್ಯಾರಿಯಾನದೇ ಎಂದು ಇವತ್ತಿಗೂ ಹೇಳುತ್ತೇನೆ.

*2025ರಲ್ಲಿ ಗೆದ್ದ ಹುಡುಗ ಹೆಂಗಸಿನ ದನಿಯಲ್ಲಿ ಹಾಡಿದ. ನನಗೆ ಅದು ಒಗ್ಗಲಿಲ್ಲ. ನಿಮಗೆ?*
— ಗೃಹಿಣಿ, ಹುಬ್ಬಳ್ಳಿ

ಆಸ್ಟ್ರಿಯಾದ ಜೇಜೇ ಅವನು. ವಿಯೆನ್ನಾದಲ್ಲಿ ಒಪೆರಾ ಕಲಿತು ಹಾಡುವವನು. ಗಂಡಸಿನ ಗಂಟಲಿನಲ್ಲೇ ಮೇಲಿನ ಸ್ವರಗಳನ್ನು ಪಳಗಿಸುವುದು ಅಲ್ಲಿ ಒಂದು ಹಳೆಯ ವಿದ್ಯೆ, ಕೌಂಟರ್‌ಟೆನರ್ ಎನ್ನುತ್ತಾರೆ. ಬಾಸೆಲ್‌ನಲ್ಲಿ 436 ಅಂಕ ಪಡೆದು ಗೆದ್ದ.

ಆದರೆ ತಾಯಿ, ಈ ಪ್ರಶ್ನೆ ಹುಬ್ಬಳ್ಳಿಯಿಂದ ಬಂದದ್ದು ನನಗೆ ಆಶ್ಚರ್ಯ. ಗಂಗೂಬಾಯಿ ಹಾನಗಲ್ಲರ ಊರು ನಿಮ್ಮದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಂಡುದನಿಯಂತೆ ಗಂಭೀರವಾಯಿತು. ರೇಡಿಯೋದಲ್ಲಿ ಮೊದಲ ಸಲ ಕೇಳಿದವರು ಯಾರೋ ಗಂಡಸು ಹಾಡುತ್ತಿದ್ದಾರೆಂದೇ ತಿಳಿಯುತ್ತಿದ್ದರು. ಧಾರವಾಡ ಆಕಾಶವಾಣಿಯಲ್ಲಿ ಅವರ ಷಡ್ಜ ಹತ್ತಿದ ಕೂಡಲೇ ನಮ್ಮ ತಂದೆ ಊಟದ ತಟ್ಟೆಯಿಂದ ಕೈ ಎತ್ತಿ ಕುಳಿತುಬಿಡುತ್ತಿದ್ದರು. ದನಿಗೆ ಸೀರೆ, ಧೋತರ ಉಡಿಸುವುದನ್ನು ಆ ಮನೆಯಲ್ಲಿ ಬೆಳೆದ ನಾನು ಕಲಿಯಲಿಲ್ಲ. ಜೇಜೇಯ ಹಾಡನ್ನು ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿ. ಕೊನೆಗೆ ತಾಳ ಒಡೆದು ಹಾಡು ಬೇರೆ ದಾರಿ ಹಿಡಿಯುತ್ತದಲ್ಲ, ಅಲ್ಲಿಯವರೆಗೆ ಬಿಡದೆ ಕೇಳಿ. ಆಮೇಲೆ ಬರೆಯಿರಿ.

*ಸಂಗೀತದಲ್ಲಿ ರಾಜಕೀಯ ಬೇಡ ಎನ್ನುತ್ತಾರೆ. ನಿಮ್ಮ ಅಭಿಪ್ರಾಯ?*
— ಪ್ರೌಢಶಾಲಾ ಶಿಕ್ಷಕರು, ರಾಣೆಬೆನ್ನೂರು

2016ರಲ್ಲಿ ಉಕ್ರೇನಿನ ಜಮಾಲಾ ಹಾಡಿದ್ದು 1944ರಲ್ಲಿ ಕ್ರಿಮಿಯಾದ ತಾತಾರರನ್ನು ಮನೆಮಠ ಬಿಡಿಸಿ ಗಡೀಪಾರು ಮಾಡಿದ ಕತೆಯನ್ನು. ಅವಳ ಮುತ್ತಜ್ಜಿಯೇ ಆ ಸಂಕಟ ಉಂಡವಳು. ಅದು ರಾಜಕೀಯವೋ, ಮನೆಯ ದುಃಖವೋ? ಆ ವರ್ಷ ತೀರ್ಪುಗಾರರ ಮೊದಲ ಆಯ್ಕೆ ಆಸ್ಟ್ರೇಲಿಯಾ, ಜನರ ಮೊದಲ ಆಯ್ಕೆ ರಷ್ಯಾ. ಎರಡರಲ್ಲೂ ಎರಡನೆಯವಳಾದ ಜಮಾಲಾ ಒಟ್ಟಿನಲ್ಲಿ ಗೆದ್ದಳು.

2022ರಲ್ಲಿ ಉಕ್ರೇನಿನ ಮೇಲೆ ದಾಳಿ ಮಾಡಿದ ರಷ್ಯಾವನ್ನು ಹೊರಗಿಟ್ಟರು. ಗಾಜಾದ ಯುದ್ಧದ ನಡುವೆಯೂ ಇಸ್ರೇಲ್‌ಗೆ ಅವಕಾಶ ಉಳಿದಾಗ ಸ್ಪೇನ್, ಐರ್ಲೆಂಡ್, ನೆದರ್‌ಲೆಂಡ್ಸ್, ಸ್ಲೊವೇನಿಯಾ, ಐಸ್‌ಲೆಂಡ್ 2026ರ ಸ್ಪರ್ಧೆಗೆ ಬರುವುದಿಲ್ಲ ಎಂದವು. ಏಳು ಸಲ ಗೆದ್ದ ಐರ್ಲೆಂಡ್ ಇಲ್ಲದ ಸ್ಪರ್ಧೆ ಎಂದರೆ ನನ್ನಂಥವರಿಗೆ ಹೊಟ್ಟೆಯಲ್ಲಿ ಸಂಕಟ. ನಮ್ಮ ಕೂಟದಲ್ಲೂ ಒಬ್ಬರು ಇದೇ ಕಾರಣಕ್ಕೆ ನೋಡುವುದನ್ನು ಬಿಟ್ಟಿದ್ದಾರೆ. ಅವರು ಬಿಟ್ಟದ್ದು ಸರಿ ಎಂದೇ ನನ್ನ ಮನಸ್ಸು ಹೇಳುತ್ತದೆ, ಉಳಿದವರು ನೋಡುವುದು ತಪ್ಪು ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಅವರ ಹೆಸರಿನ ಅಕ್ಷರವನ್ನು ಪುಸ್ತಕದಿಂದ ತೆಗೆದಿಲ್ಲ. ಕೆಳಗಿನ ಮನೆಗಳು ಖಾಲಿ ಇರುತ್ತವೆ.

*ನಿದ್ದೆ ಹೇಗೆ ತಡೆಯುತ್ತೀರಿ, ಏನು ತಿನ್ನುತ್ತೀರಿ? ನಾವು ಮೂವರು ಗೆಳೆಯರು ಮುಂದಿನ ಸಲ ಬರಬಹುದೇ?*
— ಮೊಬೈಲ್ ರಿಪೇರಿ ಅಂಗಡಿಯವರು, ಶಿಗ್ಗಾಂವಿ

ಬನ್ನಿ. ಎಂಟು ಗಂಟೆಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಊಟ ಮಾಡಿ ಎಲ್ಲರೂ ಹನ್ನೆರಡರವರೆಗೆ ಒಂದು ನಿದ್ದೆ ತೆಗೆಯುತ್ತೇವೆ. ಶುರುವಾಗುವಾಗ ಚಹಾ. ಹಾಡುಗಳೆಲ್ಲ ಮುಗಿದು ಜನ ಮತ ಹಾಕುವ ಹೊತ್ತಿನಲ್ಲಿ ಗಿರಮಿಟ್ಟು ಕಲಸುತ್ತೇವೆ. ಮೊದಲೇ ಕಲಸಿಟ್ಟರೆ ಚುರುಮರಿ ಮೆತ್ತಗಾಗುತ್ತದೆ. ಆಪೂಸಿನ ಹಂಗಾಮು, ಮಾವಿನಹಣ್ಣು ಇದ್ದೇ ಇರುತ್ತದೆ. ಮುಗಿಯುವಾಗ ನಸುಕಿನ ನಾಲ್ಕೂವರೆ.

ನೀವು ಮೊಬೈಲಿನ ಕೆಲಸದವರು ಎಂದು ಓದಿ ಒಂದು ಸಂಗತಿ ನೆನಪಾಯಿತು. 2022ರಲ್ಲಿ ಅಂಕ ಹೇಳುವ ಹೊತ್ತಿಗೆ ಅಡ್ಡಮಳೆ ಹೊಡೆದು ಕರೆಂಟು ಹೋಯಿತು. ಟಿವಿ ಆರಿತು. ಪಕ್ಕದ ಮನೆಯ ಹುಡುಗಿಯ ಮೊಬೈಲಿನಲ್ಲಿ ನೂರಕ್ಕೆ ಒಂಬತ್ತರಷ್ಟು ಮಾತ್ರ ಚಾರ್ಜು. ಪರದೆಯ ಬೆಳಕು ತೀರಾ ಇಳಿಸಿ, ಮೊಬೈಲನ್ನು ಸ್ಟೀಲಿನ ಡಬರಿಯೊಳಗೆ ನಿಲ್ಲಿಸಿದೆವು, ಸದ್ದು ದೊಡ್ಡದಾಗಲೆಂದು. ಹಂಚಿನ ಮೇಲೆ ಮಳೆಯ ಸದ್ದು. ಎಂಟು ತಲೆಗಳು ಒಂದು ಪಾತ್ರೆಯ ಮೇಲೆ ಬಾಗಿದ್ದವು. ತೀರ್ಪುಗಾರರಿಂದ 192 ಪಡೆದು ನಾಲ್ಕನೆಯದಾಗಿದ್ದ ಉಕ್ರೇನಿಗೆ ಜನರ ಅಂಕ ಹೇಳಿದರು: 439. ಕತ್ತಲೆಯಲ್ಲಿ ಮಾಸ್ತರರು, “ಎಷ್ಟು? ಎಷ್ಟು?” ಎಂದು ಎರಡು ಸಲ ಕೇಳಿದರು. ನಾನು ಬ್ಯಾಟರಿ ಹಿಡಿದು ಬರೆದೆ. ಆ ಪುಟದಲ್ಲಿ ನನ್ನ ಅಕ್ಷರ ಗೆರೆ ಬಿಟ್ಟು ಕೆಳಗಿನ ದೇಶದ ಮನೆಗೆ ಇಳಿದಿದೆ.

ಬರುವಾಗ ಪೂರ್ತಿ ಚಾರ್ಜು ಮಾಡಿದ ಪವರ್‌ಬ್ಯಾಂಕ್ ಒಂದು ತನ್ನಿ. ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ಸು ಹತ್ತಿದರೆ ಧಾರವಾಡ ತಲುಪುತ್ತೀರಿ. ಊಟದ ಹೊತ್ತಿಗೆ ಸರಿಯಾಗಿ ಬನ್ನಿ. ನಿಮ್ಮ ಮೂವರ ಹೆಸರಿನ ಮೊದಲ ಅಕ್ಷರಗಳನ್ನು ಮುಂಚೆಯೇ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ, ಪುಸ್ತಕದಲ್ಲಿ ಗೆರೆ ಹಾಕಬೇಕು.